ಯಾವ ವರ್ಷದ ಎಂಜಿನ್ ಇದು?

ಉಗಿ ಎಂಜಿನ್ ಒಂದೇ ರೂಪದಲ್ಲಿ ಬಾಳಿ ಮುಗಿಸುವ ಯಂತ್ರವಲ್ಲ. ಮೂವತ್ತು ನಲವತ್ತು ವರ್ಷ ದುಡಿಯುವಷ್ಟರಲ್ಲಿ ಅದರ ಬಾಯ್ಲರ್ ಬದಲಾಗಿರುತ್ತದೆ, ಚಿಮಣಿ ಬದಲಾಗಿರುತ್ತದೆ, ಬಣ್ಣವಂತೂ ಹಲವು ಸಲ. ಸೇವೆ ಮುಗಿಸಿದ ದಿನ ನಮ್ಮ ಕೈಗೆ ಸಿಗುವುದು ಅದರ ಕೊನೆಯ ವೇಷ. ಅದನ್ನು ಕಳಚಿ ಹಿಂದಿನ ರೂಪಕ್ಕೆ ಮರಳಿಸಬಹುದೇ? ಬ್ರಿಟನ್ನಿನ ಉಗಿ ಎಂಜಿನ್ ಪ್ರಿಯರು ಇದನ್ನು ಮಾಡಿಯೇ ತೋರಿಸಿದ್ದಾರೆ. ನಾನು ಅವರ ಪಕ್ಷ. ಆದರೆ ಸ್ಪ್ಯಾನರ್ ಎತ್ತುವ ಮೊದಲು ಒಂದು ಪ್ರಶ್ನೆಗೆ ಉತ್ತರ ಸಿಗಬೇಕು: ಈಗ ಕಳಚಲಿರುವ ರೂಪ ಬೇರೆಲ್ಲಾದರೂ ಉಳಿದಿದೆಯೇ?

ಡಿಡ್‌ಕಾಟ್‌ನಲ್ಲಿ ಗ್ರೇಟ್ ವೆಸ್ಟರ್ನ್ ಸೊಸೈಟಿ ಮಾಡಿದ ಕೆಲಸ ನೋಡಿ. ಗ್ರೇಟ್ ವೆಸ್ಟರ್ನ್ ರೈಲ್ವೆಯ ಎಂಜಿನಿಯರ್ ಚರ್ಚ್‌ವರ್ಡ್ ವಿನ್ಯಾಸಗೊಳಿಸಿದ ಸೇಂಟ್ ವರ್ಗದ 77 ಎಂಜಿನ್‌ಗಳು ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ಎಂಜಿನ್ ವಿನ್ಯಾಸಕ್ಕೇ ದಾರಿ ತೋರಿದವು. 1924ರಲ್ಲಿ ಅವರ ಉತ್ತರಾಧಿಕಾರಿ ಕಾಲೆಟ್, ‘ಸೇಂಟ್ ಮಾರ್ಟಿನ್’ ಎಂಬ ಎಂಜಿನ್ನಿನ 6 ಅಡಿ 8½ ಅಂಗುಲದ ಚಕ್ರಗಳನ್ನು ತೆಗೆಸಿ 6 ಅಡಿಯ ಚಕ್ರ ಹಾಕಿಸಿದರು. ಹಾಲ್ ವರ್ಗ ಹುಟ್ಟಿದ್ದು ಹಾಗೆ. ಹಾಲ್‌ಗಳು ನೂರಾರು ತಯಾರಾದವು, ಗುಜರಿಯಿಂದ ಹಲವು ಬದುಕಿಯೂ ಬಂದವು. ಸೇಂಟ್‌ಗಳಲ್ಲಿ ಕೊನೆಯದು 1953ರಲ್ಲಿ ಹೋಯಿತು. ಒಂದೂ ಉಳಿಯಲಿಲ್ಲ.

ಸೊಸೈಟಿಯವರು ಬ್ಯಾರಿಯ ಗುಜರಿ ಅಂಗಳದಿಂದ ತಂದ, 1929ರಲ್ಲಿ ತಯಾರಾದ ‘ಮೇಂಡಿ ಹಾಲ್’ ಹಿಡಿದು ಕಾಲೆಟ್ ಮಾಡಿದ್ದನ್ನು ಹಿಂದುಮುಂದಾಗಿ ಮಾಡಿದರು. ಹೇಳಿದಷ್ಟು ಸುಲಭದ ಕೆಲಸವಲ್ಲ. ಚಕ್ರದ ವ್ಯಾಸ ಎಂಟೂವರೆ ಅಂಗುಲ ಹೆಚ್ಚಿದರೆ ಅಚ್ಚು ಹಳಿಯಿಂದ ನಾಲ್ಕೂಕಾಲು ಅಂಗುಲ ಮೇಲೇರುತ್ತದೆ. ಅಚ್ಚು ಏರಿದರೆ ಚೌಕಟ್ಟು, ಸಿಲಿಂಡರ್, ಬಾಯ್ಲರ್ ಒಂದಕ್ಕೊಂದು ಕೂಡುವ ಲೆಕ್ಕವೆಲ್ಲ ಹೊಸದಾಗುತ್ತದೆ. 2019ರಲ್ಲಿ ಎಂಜಿನ್ ‘ಲೇಡಿ ಆಫ್ ಲೆಜೆಂಡ್’ ಹೆಸರಿನಲ್ಲಿ ಹೊರಬಂತು. ಅದಕ್ಕೆ ಕೊಟ್ಟ ಸಂಖ್ಯೆ 2999. ಹಳೆಯ ಯಾವ ಸೇಂಟ್‌ಗೂ ಆ ಸಂಖ್ಯೆ ಇರಲಿಲ್ಲ. ಸತ್ತುಹೋದ ಎಂಜಿನ್ನಿನ ಹೆಸರು ಕದಿಯದೆ, ತಾನು ಆ ಮನೆತನದ ಹೊಸ ಕೂಸು ಎಂದು ಒಪ್ಪಿಕೊಳ್ಳುವ ಈ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು.

ಯಾರ್ಕ್‌ನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಮ್ಮಿನ ‘ಡಚೆಸ್ ಆಫ್ ಹ್ಯಾಮಿಲ್ಟನ್’ ಕೂಡ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. 1938ರಲ್ಲಿ ಕ್ರೂ ಕಾರ್ಖಾನೆಯಿಂದ ಬಂದಾಗ ಅದಕ್ಕೆ ಚಿನ್ನದ ಪಟ್ಟಿಗಳಿದ್ದ ಕೆಂಪು ಹೊರಗವಚವಿತ್ತು. ದುರಸ್ತಿಗೆ ಅಡ್ಡವಾಗುತ್ತದೆಂದು 1947ರಲ್ಲಿ ಅದನ್ನು ಕಳಚಿದರು. 2009ರಲ್ಲಿ ಹೊಸ ಕವಚ ತೊಟ್ಟು ಮ್ಯೂಸಿಯಮ್ಮಿಗೆ ಮರಳಿತು. ಅದೇ ವರ್ಗದ ಇನ್ನೆರಡು ಎಂಜಿನ್‌ಗಳು ಕವಚವಿಲ್ಲದೆ ಉಳಿದಿರುವುದರಿಂದ ನೋಡುವವರಿಗೆ ನಷ್ಟವಿಲ್ಲ, ಲಾಭವೇ.

ಇದಕ್ಕಿಂತ ಎದೆಗಾರಿಕೆಯ ಕೆಲಸ ‘ಜನರಲ್ ಸ್ಟೀಮ್ ನ್ಯಾವಿಗೇಷನ್’ ಎಂಜಿನ್ನಿನದು. ಎಂಜಿನಿಯರ್ ಬುಲೀಡ್ ರೂಪಿಸಿದ, ಈ ಎಂಜಿನ್ ಸೇರಿದ ಮರ್ಚೆಂಟ್ ನೇವಿ ವರ್ಗದಲ್ಲಿ ವಾಲ್ವ್‌ಗಳನ್ನು ನಡೆಸುವ ಸರಪಳಿಗಳು ಚೌಕಟ್ಟಿನ ನಡುವಿನ ಎಣ್ಣೆ ತೊಟ್ಟಿಯಲ್ಲಿ ಮುಳುಗಿ ಓಡುತ್ತಿದ್ದವು. ಕಲ್ಪನೆ ಅದ್ಭುತ, ಆದರೆ ಸರಪಳಿ ಸಡಿಲವಾಗುತ್ತಿತ್ತು, ಎಣ್ಣೆ ಸೋರುತ್ತಿತ್ತು, ಒಮ್ಮೊಮ್ಮೆ ಬೆಂಕಿಯೂ ಹತ್ತುತ್ತಿತ್ತು. 1956ರಿಂದ 1959ರೊಳಗೆ ಆ ವರ್ಗದ ಮೂವತ್ತೂ ಎಂಜಿನ್‌ಗಳನ್ನು ಬಿಚ್ಚಿ ಸಾಮಾನ್ಯ ವ್ಯವಸ್ಥೆಗೆ ಬದಲಿಸಿದರು. ಉಳಿದಿರುವ ಹನ್ನೊಂದೂ ಆ ಬದಲಾದ ರೂಪದವೇ. ಅವುಗಳಲ್ಲಿ ಒಂದಾದ ‘ಜನರಲ್ ಸ್ಟೀಮ್ ನ್ಯಾವಿಗೇಷನ್’ಗೆ ಮೂಲ ಯಂತ್ರ ವ್ಯವಸ್ಥೆಯನ್ನೇ ಮತ್ತೆ ಕೂಡಿಸುವುದು ಅದನ್ನು ಉಳಿಸಿಕೊಂಡವರ ಹಟ. ಬುಲೀಡ್ ಎಲ್ಲಿ ಗೆದ್ದರು, ಎಲ್ಲಿ ಸೋತರು ಎಂಬುದು ನಕ್ಷೆಯಲ್ಲಿ ಪೂರ್ತಿ ತಿಳಿಯುವುದಿಲ್ಲ. ಓಡಿಸಿಯೇ ತಿಳಿಯಬೇಕು.

ಆದರೆ ಸ್ಟೀಫನ್ಸನ್ನರ ‘ರಾಕೆಟ್’ ಎದುರು ಇದೇ ಪ್ರಶ್ನೆ ನಮ್ಮ ಕೈ ಕಟ್ಟುತ್ತದೆ. 1829ರಲ್ಲಿ ರೇನ್‌ಹಿಲ್‌ನಲ್ಲಿ ನಡೆದ ಎಂಜಿನ್‌ಗಳ ಪಂದ್ಯ ಗೆದ್ದಾಗ ಅದರ ಸಿಲಿಂಡರ್‌ಗಳು ಕಡಿದಾಗಿ ಓರೆಯಾಗಿದ್ದವು. ಪಿಸ್ಟನ್ ಒತ್ತಿದಾಗಲೆಲ್ಲ ಎಂಜಿನ್ ತೊನೆಯುತ್ತಿದ್ದುದರಿಂದ ಸ್ವಲ್ಪ ಕಾಲದಲ್ಲೇ ಅವನ್ನು ಸುಮಾರಾಗಿ ಅಡ್ಡಕ್ಕೆ ಇಳಿಸಿದರು, ಮುಂದೆ ಹೊಗೆಪೆಟ್ಟಿಗೆ ಸೇರಿಸಿದರು. ಇಂದು ಉಳಿದಿರುವುದು ಆ ಬದಲಾದ ರಾಕೆಟ್. ಹಳದಿ ಬಣ್ಣದ, ಬಿಳಿ ಚಿಮಣಿಯ ಪಂದ್ಯದ ರಾಕೆಟ್ ಬೇಕೆಂದವರಿಗೆ 1979ರಲ್ಲಿ ಪ್ರತಿಕೃತಿಯೊಂದನ್ನು ತಯಾರಿಸಿದರು. ಅದೇ ಸರಿ. ಸಿಲಿಂಡರ್ ಇಳಿಸಿದ ಆ ತಿದ್ದುಪಡಿಯೇ ಉಗಿ ಎಂಜಿನ್ ಬೆಳೆದ ಬಗೆಗೆ ಸಾಕ್ಷಿ. ಅದನ್ನು ಅಳಿಸಿದರೆ ಇನ್ನೊಂದು ಸಾಕ್ಷಿ ಎಲ್ಲಿಂದ ತರುವುದು?

ನಮ್ಮಲ್ಲಿ ಈ ಮಾತು ಬಣ್ಣದಿಂದಲೇ ಶುರುವಾಗಬೇಕು. ಮೈಸೂರಿನ ರೈಲು ಮ್ಯೂಸಿಯಮ್ಮಿಗೆ ಹೋದಾಗ ಎಂಜಿನ್ ಎಷ್ಟು ಹಳೆಯದು ಎಂದು ಎಲ್ಲರೂ ಕೇಳುತ್ತೇವೆ. ಈಗ ಕಾಣುವ ರೂಪ ಯಾವ ವರ್ಷದ್ದು, ಯಾವ ಭಾಗ ಯಾವಾಗ ಬದಲಾಯಿತು ಎಂದೂ ಕೇಳೋಣ. ಪ್ರತಿ ಎಂಜಿನ್ನಿನ ಪಕ್ಕದ ಫಲಕದಲ್ಲಿ ಆ ಉತ್ತರ ಇರಬೇಕು. ಅದಿಲ್ಲದೆ ಹಳೆಯ ಎಂಜಿನ್ನಿಗೆ ಹೊಸ ಬಣ್ಣ ಹಚ್ಚುವ ಕೆಲಸಕ್ಕೂ ಯಾರೂ ಕೈಹಾಕಬಾರದು.