ಬೆತ್ತಲಾಗುವುದು ಮತ್ತು ಬೆತ್ತಲಾಗಿಸುವುದು: ಚಂದ್ರಗುತ್ತಿಯ ತನಿಖಾ ಕಥನಗಳ ಒಂದು ಓದು

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ 1986ರ ಮಾರ್ಚ್ 20ರಂದು ನಡೆದ ಘಟನೆಯನ್ನು ಕುರಿತು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರವಣಿಗೆ ಬಂದಿದೆ. ರೇಣುಕಾಂಬೆಯ ಜಾತ್ರೆಗೆ ಬಂದ ಭಕ್ತರು ವರದಾ ನದಿಯಲ್ಲಿ ಮಿಂದು ಬೆಟ್ಟದ ಗುಡಿಯವರೆಗೆ ಬೆತ್ತಲೆಯಾಗಿ ಸಾಗುವ ಹರಕೆ ಅಲ್ಲಿ ರೂಢಿಯಲ್ಲಿತ್ತು. ಅದನ್ನು ತಡೆಯಲು ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು ಹಾಗೂ ಇತರ ಸುಧಾರಕರು ಸೇರಿದ್ದರು. ಪೊಲೀಸರಿದ್ದರು, ಪತ್ರಕರ್ತರೂ ಇದ್ದರು. ಜನಸಮೂಹ ಅವರ ಮೇಲೆ ತಿರುಗಿಬಿತ್ತು. ಮಹಿಳಾ ಪೊಲೀಸರೂ ಸೇರಿದಂತೆ ತಡೆಯಬಂದವರ ಬಟ್ಟೆಗಳನ್ನು ಕಿತ್ತು, ಅವರನ್ನೇ ಬೆತ್ತಲೆ ಮೆರವಣಿಗೆ ಮಾಡಲಾಯಿತು. ಅನಂತರ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ನ್ಯಾಯಮೂರ್ತಿ ಚೆನ್ನಬಸಪ್ಪ ಸಮಿತಿಯ ವರದಿ 1988ರಲ್ಲಿ ಬಂದಿತು. ಅಲ್ಲಿಂದ ಮುಂದೆ ಜಾತ್ರೆ ಪೊಲೀಸ್ ಕಾವಲಿನಲ್ಲಿ ನಡೆಯತೊಡಗಿತು.

ಈ ಘಟನೆಯನ್ನು ಹೇಳುವ ಬಗೆಯಲ್ಲಿ ಒಂದು ಸಿದ್ಧ ಎರಕವಿದೆ. ದೂರದ, ಹೊರಲೋಕದ ಸಂಪರ್ಕ ಕಡಿಮೆಯಿರುವ ಒಂದು ಹಳ್ಳಿ. ಅಲ್ಲಿ ಶತಮಾನಗಳಿಂದ ಮಲಗಿರುವ ಒಂದು ಶಕ್ತಿ. ವಿಚಾರಿಸಲೆಂದು ಬರುವ ಹೊರಗಿನವರು. ಅವರು ಕಾಲಿಟ್ಟೊಡನೆ ಎಚ್ಚರಗೊಂಡು ಕೆರಳುವ ಆ ಶಕ್ತಿ. ಈ ಎರಕ ಕನ್ನಡದ್ದಲ್ಲ. ಆರ್ಥರ್ ಕಾನನ್ ಡಾಯ್ಲ್‌ನ ಬಾಸ್ಕರ್‌ವಿಲ್ ಬೇಟೆನಾಯಿಯ ಕಾದಂಬರಿ (1902), ಎಂ. ಆರ್. ಜೇಮ್ಸ್‌ನ ಪ್ರೇತಕಥೆಗಳ ಮೊದಲ ಸಂಕಲನ (1904) ಇವುಗಳಿಂದ ಬೆಳೆದ ಇಂಗ್ಲಿಷ್ ಜನಪ್ರಿಯ ಕಥನದ ಎರಕ ಅದು. ಡಾಯ್ಲ್‌ನಲ್ಲಿ ಬಯಲುಸೀಮೆಯ ಭೂತವು ಕೊನೆಗೆ ಮನುಷ್ಯನ ಕೈವಾಡವೆಂದು ಬಯಲಾಗುತ್ತದೆ. ಜೇಮ್ಸ್‌ನಲ್ಲಿ ಹಳೆಯ ವಸ್ತುಗಳನ್ನು ಕೆದಕಿದ ಪಂಡಿತನಿಗೆ ಭೂತವು ನಿಜವಾಗಿಯೇ ಎದುರಾಗುತ್ತದೆ. ಚಂದ್ರಗುತ್ತಿಯ ಕಥನಗಳೂ ಇವೆರಡರ ನಡುವೆಯೇ ತುಯ್ದಾಡಿವೆ. ವಿಚಾರವಾದಿಗೆ ಅದು ಪೂಜಾರಿ, ಜೋಗತಿಯರು ಮತ್ತು ಹಿತಾಸಕ್ತರ ಹೂಟ. ಭಕ್ತನಿಗೆ ಅದು ಅಮ್ಮನ ಮುನಿಸು. ಎರಡರಲ್ಲಿಯೂ ಹಳ್ಳಿಯ ಜನ ಕೇವಲ ವಾಹಕರು. ಒಂದರಲ್ಲಿ ಮೂಢನಂಬಿಕೆ ಅವರನ್ನು ಆಡಿಸುತ್ತದೆ, ಇನ್ನೊಂದರಲ್ಲಿ ದೇವಿ ಆಡಿಸುತ್ತಾಳೆ.

ಡಾಯ್ಲ್ ಮತ್ತು ಜೇಮ್ಸ್ ಪ್ರಕಟವಾದ ಅವೇ ವರ್ಷಗಳಲ್ಲಿ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಮತ್ತು ಎಂಟನೆಯ ಸಂಪುಟಗಳು ಹೊರಬಂದವು. ಶಿಕಾರಿಪುರದ ಶಾಸನಗಳು ಮೊದಲನೆಯದರಲ್ಲಿ, ಸೊರಬದವು ಎರಡನೆಯದರಲ್ಲಿ ಇವೆ. ಇದು ಕಾಕತಾಳೀಯವೇ ಸರಿ. ಆದರೆ ಈ ಎರಡು ತಾಲ್ಲೂಕುಗಳು ಅಕ್ಷರಲೋಕಕ್ಕೆ ಅಪರಿಚಿತವಾದ ಮೂಲೆಗಳಲ್ಲವೆಂಬುದಕ್ಕೆ ಆ ಸಂಪುಟಗಳೇ ಸಾಕ್ಷಿ. ತಾಳಗುಂದ, ಬಳ್ಳಿಗಾವಿ, ಕುಬಟೂರು, ಉದ್ರಿಗಳ ಕಲ್ಲುಗಳು ಸಾವಿರ ವರ್ಷಗಳ ರಾಜಕೀಯ ಮತ್ತು ಧಾರ್ಮಿಕ ವ್ಯವಹಾರವನ್ನು ಹೇಳುತ್ತವೆ. ಚಂದ್ರಗುತ್ತಿಯೂ ಕೋಟೆಯ ಊರು. ವಿಜಯನಗರದ ಆರಂಭಕಾಲದಲ್ಲಿ ಸಂಗಮ ಸೋದರರಲ್ಲೊಬ್ಬನಾದ ಮಾರಪ್ಪ ಇಲ್ಲಿಂದ ಆಳಿದ. ಬನವಾಸಿ ಇಲ್ಲಿಗೆ ಹತ್ತಿರದ ದಾರಿ. ಆದ್ದರಿಂದ 'ಏಕಾಂತ ಗ್ರಾಮ'ವೆಂಬ ಮೊದಲ ಕಲ್ಪನೆಯೇ ಇಲ್ಲಿ ನಿಲ್ಲುವುದಿಲ್ಲ. ಹರಕೆ ಹೊತ್ತವರು ಶಾಸನ ಬರೆಸುವ ವರ್ಗದವರಲ್ಲವಾದ್ದರಿಂದ ಅವರ ದನಿ ಕಲ್ಲಿನಲ್ಲಿಲ್ಲ, ಅಷ್ಟೆ. ಅದನ್ನು ಹುಡುಕಬೇಕಾದುದು ಐತಿಹ್ಯದಲ್ಲಿ ಮತ್ತು ಆಚರಣೆಯ ವಿವರಗಳಲ್ಲಿ.

ಚಂದ್ರಗುತ್ತಿಯ ಗುಡಿ ಬಂಡೆಯ ಗವಿ. ಅದರ ಮುಂದೆ ಕಲ್ಲುಕಟ್ಟಡ ಸೇರಿಕೊಂಡಿದೆ. ಒಳಗೆ ಪೂಜೆಗೊಳ್ಳುವುದು ಮುಖವುಳ್ಳ ವಿಗ್ರಹವಲ್ಲ, ಮನುಷ್ಯದೇಹದ ಸೊಂಟದ ಹಿಂಭಾಗವನ್ನು ಹೋಲುವ ಕಲ್ಲು. ಜನ ಇವಳನ್ನು ಗುತ್ಯಮ್ಮ ಎನ್ನುತ್ತಾರೆ. ಜಮದಗ್ನಿಯ ಆಜ್ಞೆಯಂತೆ ತಾಯಿಯ ತಲೆ ಕಡಿಯಲು ಪರಶುರಾಮ ಬೆನ್ನಟ್ಟಿದಾಗ ಓಡುತ್ತ ಬಂದ ರೇಣುಕೆಯ ಉಟ್ಟ ಬಟ್ಟೆ ದಾರಿಯಲ್ಲಿ ಕಳಚಿತು, ಅವಳು ಈ ಗವಿಯನ್ನು ಹೊಕ್ಕು ಬಂಡೆಯಲ್ಲಿ ಐಕ್ಯಳಾದಳು, ಹೊರಗುಳಿದದ್ದು ಹಿಂಭಾಗ ಮಾತ್ರ ಎಂಬುದು ಸ್ಥಳದ ಐತಿಹ್ಯ. ನದಿಯಿಂದ ಗುಡಿಯವರೆಗಿನ ಬೆತ್ತಲೆ ಓಟವು ಈ ಓಟದ ಮರುನಡೆ ಎಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ವಿವರಣೆ ಇಲ್ಲಿಗೇ ನಿಲ್ಲುವುದು ವಿಷಾದಕರ. ಐತಿಹ್ಯವನ್ನು ಸರಿಯಾಗಿ ಗಮನಿಸಿದರೆ, ಅದರಲ್ಲಿ ರೇಣುಕೆಯ ಬಟ್ಟೆಯನ್ನು ಯಾರೂ ಕೀಳುವುದಿಲ್ಲ, ಅವಳೂ ಬಿಚ್ಚುವುದಿಲ್ಲ. ಅದು ಭಯದಲ್ಲಿ ಜಾರುತ್ತದೆ. ಬೆನ್ನ ಹಿಂದೆ ಕೊಡಲಿಯಿದೆ. ಇದು ಅಧಿಕಾರದಿಂದ ತಪ್ಪಿಸಿಕೊಳ್ಳುವ ಹೆಂಗಸಿನ ಬೆತ್ತಲೆ. ಗವಿಯು ಅವಳಿಗೆ ಆಶ್ರಯ ಕೊಡುವುದು ಅವಳ ಮುಖವನ್ನು ಲೋಕದಿಂದ ಮರೆಸುವುದರ ಮೂಲಕ.

ಎಲ್ಲಮ್ಮ-ರೇಣುಕೆಯರ ಕಥೆ ಹಬ್ಬಿರುವ ಕಡೆಗಳಲ್ಲೆಲ್ಲ ಇದರ ಜೊತೆಗೆ ಇನ್ನೆರಡು ಎಳೆಗಳಿವೆ. ಒಂದು, ಜಮದಗ್ನಿಯ ಶಾಪದಿಂದ ಅವಳ ಮೈಗೆ ಬಂದ ರೋಗ ಮತ್ತು ಅದರ ಶಮನ. ಬೇವಿನುಡುಗೆಯ ಸೇವೆ ಈ ಎಳೆಗೆ ಸೇರಿದ್ದು. ಬಟ್ಟೆಯ ಬದಲು ಬೇವಿನ ಸೊಪ್ಪನ್ನು ಕಟ್ಟಿಕೊಳ್ಳುವ ಹರಕೆಯಲ್ಲಿ ರೋಗದ ದೇಹ, ಔಷಧದ ಎಲೆ, ದೇವಿಯ ಉಡುಗೆ ಒಂದಾಗುತ್ತವೆ. ಬೇವಿನುಡುಗೆಯನ್ನೂ ಪೂರ್ಣ ಬೆತ್ತಲೆಯನ್ನೂ ಒಂದೇ ಹೆಸರಿನಡಿ ಸೇರಿಸುವ ವರದಿಗಾರಿಕೆ ಈ ಭೇದವನ್ನು ಅಳಿಸಿಹಾಕಿತು. ಮಕ್ಕಳಿಲ್ಲದಿರುವುದು, ಚರ್ಮರೋಗ, ದನಕರುಗಳ ಕಾಯಿಲೆ ಮುಂತಾದ ಕಷ್ಟಗಳಲ್ಲಿ ಹೊತ್ತ ಹರಕೆಗಳಿವು. ಗಂಡಸರೂ ಹೆಂಗಸರೂ ಮಕ್ಕಳೂ ಅವನ್ನು ತೀರಿಸುತ್ತಿದ್ದರು. ಹರಕೆಯೆಂಬುದು ಸಾಲ. ತೀರಿಸದಿದ್ದರೆ ಬಡ್ಡಿ ಬೆಳೆಯುತ್ತದೆಂಬ ಭಯ ಅದರೊಳಗೇ ಇದೆ. ನದಿಯ ದಂಡೆಯಲ್ಲಿ ಅಡ್ಡನಿಂತವರನ್ನು ಕಂಡಾಗ ಹರಕೆ ಹೊತ್ತವನಿಗೆ ಕಂಡದ್ದು ಸುಧಾರಣೆಯಲ್ಲ, ತೀರದೆ ಉಳಿಯುವ ಸಾಲ. ಈ ಭಯವನ್ನು ಅರಿತುಕೊಳ್ಳುವುದು ಅಂದಿನ ಹಿಂಸೆಯನ್ನು ಸಮರ್ಥಿಸಿದಂತಲ್ಲ.

ಇನ್ನೊಂದು ಎಳೆ ಮಾತಂಗಿಯದು. ರೇಣುಕೆ ಓಡಿಬಂದು ಅಡಗಿದ್ದು ಮಾತಂಗಿಯ ಬಳಿ. ಪರಶುರಾಮ ಇಬ್ಬರ ತಲೆಗಳನ್ನೂ ಕಡಿದ. ಮತ್ತೆ ಜೀವ ಕೊಡುವಾಗ ತಲೆಗಳು ಅದಲುಬದಲಾದವು. ದಕ್ಷಿಣ ಭಾರತದ ಹಲವೆಡೆ ಪಾಠಾಂತರಗಳೊಂದಿಗೆ ಸಿಗುವ ಈ ಕಥೆಯಲ್ಲಿ ಋಷಿಪತ್ನಿಗೆ ಆಸರೆ ಕೊಟ್ಟು ತಾನೂ ಕೊರಳು ಕೊಟ್ಟವಳು ಅಸ್ಪೃಶ್ಯ ಹೆಂಗಸು. ಮರಾಠಿ ವಿದ್ವಾಂಸ ರಾ. ಚಿಂ. ಢೇರೆಯವರು 'ಲಜ್ಜಾಗೌರಿ' (1978) ಕೃತಿಯಲ್ಲಿ ರೇಣುಕೆ, ಮಾತಂಗಿ ಮತ್ತು ತಲೆಯಿಲ್ಲದ ನಗ್ನದೇವಿಯ ಶಿಲ್ಪಗಳನ್ನು ಒಟ್ಟಿಗಿಟ್ಟು ಚರ್ಚಿಸಿದ್ದಾರೆ. ಆ ಚರ್ಚೆ ಫಲವಂತಿಕೆಯ ಸಂಕೇತದತ್ತ ವಾಲುತ್ತದೆ. ಚಂದ್ರಗುತ್ತಿಯ ಸಂದರ್ಭದಲ್ಲಿ ಮುಖ್ಯವಾಗಬೇಕಾದುದು ಜಾತಿಯ ಪ್ರಶ್ನೆ. ಅಂದು ನದಿಯ ದಂಡೆಯಲ್ಲಿ ಎದುರುಬದುರಾದವರಲ್ಲಿ ಎರಡೂ ಕಡೆ ಮಾತಂಗಿಯ ಮಕ್ಕಳಿದ್ದರು: ಹರಕೆ ಹೊತ್ತವರಲ್ಲಿ ಕೆಳಜಾತಿಗಳವರೇ ಹೆಚ್ಚು, ತಡೆಯಲು ಬಂದವರು ದಲಿತ ಚಳವಳಿಯವರು. ಬಿ. ಕೃಷ್ಣಪ್ಪನವರ ನೇತೃತ್ವದಲ್ಲಿ ಇದೇ ಜಿಲ್ಲೆಯ ಭದ್ರಾವತಿಯ ನೆಲದಲ್ಲಿ ಬೇರುಬಿಟ್ಟ ಚಳವಳಿ ಅದು. ಹೊರಗಿನಿಂದ ಬಂದ ತನಿಖೆಗಾರರೆಂದು ಅವರನ್ನು ಕರೆಯುವುದು ಎರಕಕ್ಕೆ ಒಗ್ಗುತ್ತದೆ, ವಾಸ್ತವಕ್ಕೆ ಒಗ್ಗುವುದಿಲ್ಲ.

ಕನ್ನಡ ವ್ಯಾಕರಣದ ಒಂದು ಸಾಮಾನ್ಯ ಪ್ರತ್ಯಯ ಇಲ್ಲಿ ನೆರವಿಗೆ ಬರುತ್ತದೆ. 'ಬೆತ್ತಲಾಗು' ಮತ್ತು 'ಬೆತ್ತಲಾಗಿಸು' ಎಂಬ ಎರಡು ಕ್ರಿಯೆಗಳ ನಡುವೆ ಇರುವುದು 'ಇಸು' ಮಾತ್ರ. ಹರಕೆಯಲ್ಲಿ ಭಕ್ತ ಬೆತ್ತಲಾಗುತ್ತಾನೆ. ಅವನ ಹಿಂದೆ ಬಡತನ, ರೂಢಿ, ಪೂಜಾರಿಯ ಒತ್ತಾಯ ಇದ್ದಿರಬಹುದು, ಆದರೂ ಕ್ರಿಯೆಯ ಭಾಷೆ ಅರ್ಪಣೆಯದು. 1986ರಲ್ಲಿ ಅದೇ ದಾರಿಯಲ್ಲಿ, ಅದೇ ದೇವಿಯ ಹೆಸರಿನಲ್ಲಿ ಇತರರನ್ನು ಬೆತ್ತಲಾಗಿಸಲಾಯಿತು. ಅರ್ಪಣೆಯ ಚಿಹ್ನೆ ಒಂದೇ ಗಳಿಗೆಯಲ್ಲಿ ದಂಡನೆಯ ಚಿಹ್ನೆಯಾಯಿತು. ಹೆಣ್ಣಿನ ಬಟ್ಟೆ ಕಿತ್ತು ಅವಮಾನಿಸುವುದು ದೇವಿಯ ಸೇವೆಯಲ್ಲ, ಅದು ಊರಿನ ಬಲಿಷ್ಠರು ದಲಿತರ ಮೇಲೆ, ಹೆಂಗಸರ ಮೇಲೆ ಹಿಂದಿನಿಂದಲೂ ಬಳಸಿಕೊಂಡು ಬಂದಿರುವ ಶಿಕ್ಷೆಯ ಭಾಷೆ. ಐತಿಹ್ಯದ ಲೆಕ್ಕದಲ್ಲಿ ನೋಡಿದರೆ ಅಂದು ರೇಣುಕೆಯ ಸ್ಥಾನದಲ್ಲಿದ್ದವಳು ಓಡಲು ದಾರಿಯಿಲ್ಲದ ಮಹಿಳಾ ಪೊಲೀಸು. ಕೊಡಲಿ ಹಿಡಿದವರು ಭಕ್ತರೆನಿಸಿಕೊಂಡವರು. 'ಅಮ್ಮ ಮೈಮೇಲೆ ಬಂದಳು' ಎಂಬ ವಾಕ್ಯದಲ್ಲಿ ಬಟ್ಟೆ ಕಿತ್ತ ಕೈಗಳಿಗೆ ಒಡೆಯರಿಲ್ಲ. 'ಮೂಢನಂಬಿಕೆ ಕೆರಳಿತು' ಎಂಬ ವಾಕ್ಯದಲ್ಲಿಯೂ ಇಲ್ಲ.

ಲಿಂಡಾ ಎಪ್ ಅವರು 1992ರಲ್ಲಿ 'ಸೋಷಿಯಲಾಜಿಕಲ್ ಬುಲೆಟಿನ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದ ಹೆಚ್ಚುಗಾರಿಕೆಯೆಂದರೆ, ಅದು ಘಟನೆಯನ್ನು ದಲಿತ ಹೋರಾಟದ ಚೌಕಟ್ಟಿನಲ್ಲಿಟ್ಟು ನೋಡಿದ್ದು. ದೇವಿಯಿಂದ ಜನರ ಕಡೆಗೆ ಗಮನ ತಿರುಗಿಸಿದ ಬರವಣಿಗೆಗಳಲ್ಲಿ ಅದಕ್ಕೆ ಮಹತ್ವದ ಸ್ಥಾನವಿದೆ. ಸಮಿತಿಯ ವರದಿಯದು ಬೇರೆ ಪ್ರಕಾರ. ಹೊಣೆ ಯಾರದು, ಆಚರಣೆಯನ್ನು ಏನು ಮಾಡಬೇಕು ಎಂಬ ಪ್ರಶ್ನೆಗಳಿಗೆ ಉತ್ತರಿಸುವುದು ಅದರ ಧರ್ಮ. ಅದರಿಂದ ಜಾನಪದ ಅಧ್ಯಯನವನ್ನು ನಿರೀಕ್ಷಿಸುವುದು ಸಲ್ಲದು.

ಹೆಚ್ಚು ಚರ್ಚೆಗೆ ಅರ್ಹವಾದುದು ಯು. ಆರ್. ಅನಂತಮೂರ್ತಿಯವರ 'ಬೆತ್ತಲೆ ಪೂಜೆ ಯಾಕೆ ಕೂಡದು?' ಎಂಬ ಪ್ರಬಂಧ. ಇದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನವರಾದ ಅನಂತಮೂರ್ತಿಯವರು ಚಂದ್ರಗುತ್ತಿಯ ಸುದ್ದಿಯನ್ನು ನೆಪವಾಗಿಟ್ಟುಕೊಂಡು, ವೈಚಾರಿಕತೆಯಲ್ಲಿ ಬೆಳೆದ ಲೇಖಕನ ಒಳಗಿನ ಇಬ್ಬಂದಿತನವನ್ನು ತೆರೆದಿಡುತ್ತಾರೆ. ಅವರ ಕಲಾವಿದ ಮಿತ್ರರೊಬ್ಬರು ರೈತನ ಗುಡಿಸಲಿನಲ್ಲಿದ್ದ ಕುಂಕುಮ ಹಚ್ಚಿದ ಕಲ್ಲನ್ನು ಛಾಯಾಚಿತ್ರಕ್ಕಾಗಿ ಬೆಳಕಿಗೆ ತಂದು, ಮೈಲಿಗೆಯಾಯಿತೇನೋ ಎಂದು ಕ್ಷಮೆ ಕೇಳಿದಾಗ, ಚಿಂತೆಯಿಲ್ಲ, ಇನ್ನೊಂದು ಕಲ್ಲು ತಂದು ಕುಂಕುಮ ಹಚ್ಚಿದರಾಯಿತು ಎಂಬರ್ಥದ ಮಾತನ್ನು ರೈತ ಹೇಳುತ್ತಾನೆ. ಪ್ರಬಂಧದ ಬಲವೆಲ್ಲ ಈ ಪ್ರಸಂಗದಲ್ಲಿದೆ. ವಿಚಾರಿಸಬಂದವನ ಅಂಜಿಕೆಗಿಂತ ವಿಚಾರಣೆಗೊಳಗಾದವನ ಸ್ವಾತಂತ್ರ್ಯ ದೊಡ್ಡದೆಂದು ಅದು ತೋರಿಸುತ್ತದೆ. ಆದರೆ ಕಲ್ಲಿನ ದೃಷ್ಟಾಂತವನ್ನು ಚಂದ್ರಗುತ್ತಿಗೆ ಅನ್ವಯಿಸುವಲ್ಲಿ ಪ್ರಬಂಧ ಎಡವುತ್ತದೆ. ಕಲ್ಲನ್ನು ಬದಲಾಯಿಸಬಹುದು, ಹರಕೆ ಹೊತ್ತ ದೇಹವನ್ನು ಬದಲಾಯಿಸಲಾಗದು. ರೈತನಿಗೆ ಇದ್ದ ಬಿಡುಗಡೆ ನದಿದಂಡೆಯ ಹೆಂಗಸಿಗೆ ಇತ್ತೇ ಎಂಬುದು ಕೇಳಬೇಕಾಗಿದ್ದ ಪ್ರಶ್ನೆ. ಬೆತ್ತಲೆಯು ಲೇಖಕನ ಆತ್ಮಶೋಧಕ್ಕೆ ರೂಪಕವಾದಾಗ ಬೆತ್ತಲಾದವರು ಹಿನ್ನೆಲೆಗೆ ಸರಿಯುತ್ತಾರೆ. ಅನಂತಮೂರ್ತಿಯವರು ಬಾಲ್ಯದಲ್ಲಿ ಭೂತದ ಕಲ್ಲಿನ ಮೇಲೆ ಮೂತ್ರ ಮಾಡಿ ಅದರ ಶಕ್ತಿಯನ್ನು ಪರೀಕ್ಷಿಸಿದ್ದನ್ನು ಹೇಳಿಕೊಂಡ ಮಾತನ್ನು 2014ರ ಜೂನ್‌ನಲ್ಲಿ ಎಂ. ಎಂ. ಕಲಬುರ್ಗಿಯವರು ಬೆಂಗಳೂರಿನ ಸಭೆಯೊಂದರಲ್ಲಿ ಉಲ್ಲೇಖಿಸಿದಾಗ ಎದ್ದ ವಿವಾದವನ್ನು ನೆನೆದರೆ, ಕಲ್ಲಿನ ಕುರಿತು ರೈತನಿಗಿದ್ದ ನಿರಾಳತೆ ನಗರದ ಭಕ್ತರಿಗೆ ಇರಲಿಲ್ಲವೆಂದು ತಿಳಿಯುತ್ತದೆ. ಕಲಬುರ್ಗಿಯವರ ಹತ್ಯೆ 2015ರ ಆಗಸ್ಟ್ 30ರಂದು ಆಯಿತು.

ಬೆತ್ತಲೆಯನ್ನು ವಿಚಾರಿಸುವ ಇನ್ನೊಂದು ಮಾದರಿ ಇದೇ ಸೀಮೆಯಲ್ಲಿ ಹುಟ್ಟಿದ್ದು. ಸೊರಬಕ್ಕೆ ಹೊಂದಿಕೊಂಡ ಶಿಕಾರಿಪುರ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಊರು; ಬಳ್ಳಿಗಾವಿ ಅಲ್ಲಮನ ಊರು. ಕೌಶಿಕನನ್ನು ತೊರೆದು ಕೂದಲನ್ನೇ ಹೊದ್ದು ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮ ಪ್ರಶ್ನಿಸುವ ಪ್ರಸಂಗವನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ಕಟ್ಟಿದೆ. ಅಲ್ಲಮ ಕರುಣೆ ತೋರಿಸುವ ತನಿಖೆಗಾರನಲ್ಲ, ಕಟುವಾಗಿಯೇ ಕೇಳುತ್ತಾನೆ: ಉಡುಗೆ ಬಿಟ್ಟವಳಿಗೆ ಕೂದಲ ಮರೆಯೇಕೆ? ಅಕ್ಕ ಅದಕ್ಕೆ ಉತ್ತರಿಸುತ್ತಾಳೆ. ಆ ಮರೆ ನೋಡುವವರಿಗಾಗಿ, ತನಗಾಗಿ ಅಲ್ಲವೆಂಬುದು ಉತ್ತರದ ತಿರುಳು. ಬೆತ್ತಲಾದವಳಿಗೆ ಇಲ್ಲಿ ಮಾತಿದೆ. ಆ ಮಾತು ಪ್ರಶ್ನೆ ಕೇಳಿದವನನ್ನೂ ಬದಲಾಯಿಸುತ್ತದೆ. ವಿಚಾರಣೆ ಮುಗಿಯುವುದು ಅಲ್ಲಮನ ಒಪ್ಪಿಗೆಯಲ್ಲಿ.

ಅಕ್ಕನ ಹೆಸರು ಹೇಳಿ ಬೆತ್ತಲೆ ಸೇವೆಯನ್ನು ಸಮರ್ಥಿಸುವವರಿದ್ದಾರೆ. ಅದು ಸಲ್ಲದ ವಾದ. ಅಕ್ಕ ಒಡೆತನದಿಂದ ಹೊರಬಂದವಳು, ಹರಕೆಯವಳು ಸಾಲ ತೀರಿಸಲು ಬಂದವಳು. ಒಬ್ಬಳು ಹೊರಟದ್ದು ಅರಮನೆಯಿಂದ, ಇನ್ನೊಬ್ಬಳು ಕೇರಿಯಿಂದ. ಈ ಅಂತರವನ್ನು ಭಕ್ತಿಯ ಮಾತಿನಿಂದ ಮುಚ್ಚಲಾಗದು. ಇಲ್ಲಿ ಪ್ರಸ್ತುತವಾಗುವುದು ಅಕ್ಕನ ಬೆತ್ತಲೆಯಲ್ಲ, ಅಲ್ಲಮನ ವಿಚಾರಣೆಯ ಕ್ರಮ. ಚಂದ್ರಗುತ್ತಿಯ ಕಥನಗಳಲ್ಲಿ ಸುಧಾರಕ, ಅಧಿಕಾರಿ, ಪತ್ರಕರ್ತ, ಕಾದಂಬರಿಕಾರ ಇವರ ಮಾತು ಧಾರಾಳವಾಗಿದೆ. ಹರಕೆ ಹೊತ್ತವರು ಕೇಳಿದ ಪ್ರಶ್ನೆಗೆ ಉತ್ತರಿಸುವ, ಬೇಕಾದರೆ ಮರುಪ್ರಶ್ನೆ ಹಾಕುವ ಸ್ಥಾನದಲ್ಲಿ ಕಾಣಿಸಿಕೊಳ್ಳುವುದು ವಿರಳ. ಅಂದು ಬಟ್ಟೆ ಕಳೆದುಕೊಂಡ ಮಹಿಳಾ ಪೊಲೀಸರ ಮಾತೂ ಅಷ್ಟೇ ವಿರಳ. ಅವರು ವರದಿಗಳಲ್ಲಿ ಸಂಖ್ಯೆಯಾಗಿ, ನಾಚಿಕೆಯ ಚಿತ್ರವಾಗಿ ಉಳಿದಿದ್ದಾರೆ.

ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕರ್ನಾಟಕದ 2017ರ ಕಾಯ್ದೆ 2020ರಲ್ಲಿ ಜಾರಿಗೆ ಬಂದಿತು. ಇತರರನ್ನು ಬೆತ್ತಲೆಗೊಳಿಸಿ ಮೆರವಣಿಗೆ ಮಾಡುವುದು ಅದರ ಅಪರಾಧಗಳ ಪಟ್ಟಿಯಲ್ಲಿದೆ. ಅಂದರೆ ಆ 'ಇಸು' ಪ್ರತ್ಯಯಕ್ಕೆ ಕಾನೂನಿನಲ್ಲಿ ಸ್ಥಾನ ದೊರೆತಿದೆ. ಬೆತ್ತಲಾಗುವ ಹರಕೆಯನ್ನು ಹೊರಿಸುವ ರೋಗ, ಬಂಜೆತನದ ನಿಂದೆ, ವೈದ್ಯರಿಲ್ಲದ ಊರು, ಕೇರಿಯ ಬಡತನ ಇವು ಯಾವ ಪಟ್ಟಿಗೂ ಸೇರಿಲ್ಲ. ಅವುಗಳನ್ನು ವಿಚಾರಿಸಿದ ಸಮಿತಿಯೂ ಇಲ್ಲ.