ಗೋಡೆ ಕಟ್ಟಿದ್ದು ಹಳ್ಳವಲ್ಲ

ಜರ್ಮನಿಯ ವಿಭಜನೆಯ ಮಾತು ಬಂದಾಗ ಬರ್ಲಿನ್ನಿನ ಬೆನ್ನಿಗೇ ಕೇಳಿಬರುವ ಹೆಸರು ಮ್ಯೋಡ್ಲರಾಯ್ಟ್. ಹೋಫ್ ಪಟ್ಟಣದ ಉತ್ತರಕ್ಕೆ, ಹೊಲಗದ್ದೆ ಕಾಡುಗಳ ನಡುವಿನ ತಗ್ಗಿನಲ್ಲಿರುವ ಹಳ್ಳಿ. ಜನಸಂಖ್ಯೆ ಐವತ್ತರ ಆಸುಪಾಸು. ಊರ ನಡುವೆ ಟಾನ್‌ಬಾಖ್ ಎಂಬ ಕಿರುಹಳ್ಳ. ಅಮೆರಿಕದ ಸೈನಿಕರು ಇದನ್ನು 'ಪುಟ್ಟ ಬರ್ಲಿನ್' ಎಂದು ಕರೆದರು, ಆ ಹೆಸರೇ ನಿಂತಿತು. ಹೆಸರಿನ ಜೊತೆ ಒಂದು ಕಥೆಯೂ ನಿಂತಿತು: ಒಂದಾಗಿ ಬಾಳುತ್ತಿದ್ದ ಊರನ್ನು ಶೀತಲ ಸಮರ ಎರಡಾಗಿ ಸೀಳಿತು, 1989ರಲ್ಲಿ ಅದು ಮತ್ತೆ ಒಂದಾಯಿತು. ಬರ್ಲಿನ್ ಗೋಡೆಯ ನೆನಪು ಮರಳುವಾಗೆಲ್ಲ ಇದೇ ಕಥೆಯನ್ನು ಹೇಳುತ್ತಾರೆ. ಇದರ ಆದಿಯೂ ತಪ್ಪು, ಅಂತ್ಯವೂ ತಪ್ಪು. ಅದಕ್ಕಿಂತ ಮುಖ್ಯವಾಗಿ, ಅನ್ಯಾಯ ಮಾಡಿದವರು ಯಾರು ಎಂಬುದೇ ಈ ಕಥೆಯಲ್ಲಿ ಮರೆಯಾಗುತ್ತದೆ.

ಟಾನ್‌ಬಾಖ್ ಗಡಿಯಾದದ್ದು 1945ರಲ್ಲಲ್ಲ. ನೆಪೋಲಿಯನ್ನನ ಕಾಲದಲ್ಲಿ, 1810ರಲ್ಲಿ, ಬೈರಾಯ್ಟ್ ಸೀಮೆ ಬವೇರಿಯಾದ ಅರಸರ ಕೈಸೇರಿತು. ಅದೇ ವರ್ಷ ಈ ಹಳ್ಳದ ಗುಂಟ ಗಡಿಕಲ್ಲು ನೆಟ್ಟರು. ಒಂದು ಮಗ್ಗುಲಿಗೆ ಬವೇರಿಯಾ ರಾಜ್ಯದ ಗುರುತು, ಇನ್ನೊಂದಕ್ಕೆ ರೋಯ್ಸ್ ಸಂಸ್ಥಾನದ ಗುರುತು. ಮೊದಲ ಮಹಾಯುದ್ಧದ ನಂತರ ರಾಜರು ಹೋದರು, 1920ರಲ್ಲಿ ರೋಯ್ಸ್ ಪ್ರದೇಶ ತುರಿಂಗಿಯಾ ರಾಜ್ಯದೊಳಗೆ ಸೇರಿತು. ಕಲ್ಲುಗಳು ಮಾತ್ರ ಇದ್ದಲ್ಲೇ ಇದ್ದವು. ಅಂದರೆ ಶೀತಲ ಸಮರ ಶುರುವಾಗುವ ಹೊತ್ತಿಗೆ ಮ್ಯೋಡ್ಲರಾಯ್ಟ್ ನೂರಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಎರಡು ಸರ್ಕಾರಗಳಿಗೆ ತೆರಿಗೆ ಕಟ್ಟುತ್ತಿದ್ದ ಊರು.

ಆದರೂ ಅಲ್ಲಿನವರಿಗೆ ಅದು ಒಂದೇ ಊರಾಗಿತ್ತು. ಶಾಲೆಯೂ ಹೋಟೆಲೂ ತುರಿಂಗಿಯಾದ ದಡದಲ್ಲಿ. ಭಾನುವಾರದ ಪ್ರಾರ್ಥನೆಗೆ ಎರಡೂ ಕಡೆಯವರು ಬವೇರಿಯಾದ ಟ್ಯೋಪೆನ್‌ಗೆ ಹೋಗುತ್ತಿದ್ದರು. ಈ ವಿವರವನ್ನು ಬರೆಯುವವರೆಲ್ಲ ಬರೆಯುತ್ತಾರೆ, ಅದರ ಅರ್ಥವನ್ನು ಮಾತ್ರ ಬಿಟ್ಟುಬಿಡುತ್ತಾರೆ. ಗಡಿ ಇದ್ದೂ ಮಕ್ಕಳು ಅದನ್ನು ದಾಟಿ ಓದಲು ಹೋಗುತ್ತಿದ್ದರು. ಗಡಿ ಇರುವುದು ಒಂದು ಸಂಗತಿ, ಅದನ್ನು ಮುಚ್ಚುವುದು ಬೇರೆಯೇ ಸಂಗತಿ.

ಹಾಗಾದರೆ ಸೋವಿಯತ್ ವಲಯದ ಅಂಚು ಈ ಹಳ್ಳಕ್ಕೇ ಬಂದು ನಿಂತದ್ದು ಹೇಗೆ? 1944ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಮಿತ್ರರಾಷ್ಟ್ರಗಳು ಜರ್ಮನಿಯನ್ನು ವಲಯಗಳಾಗಿ ಹಂಚಿಕೊಳ್ಳುವ ಒಪ್ಪಂದಕ್ಕೆ ಬಂದಾಗ ಹೊಸ ಗೆರೆ ಎಳೆಯುವ ಗೋಜಿಗೆ ಹೋಗಲಿಲ್ಲ. ಬಹುಮಟ್ಟಿಗೆ ಹಳೆಯ ರಾಜ್ಯ, ಪ್ರಾಂತಗಳ ಎಲ್ಲೆಗಳನ್ನೇ ಎತ್ತಿಕೊಂಡರು. ತುರಿಂಗಿಯಾ ಸೋವಿಯತ್ ಪಾಲಿಗೆ, ಬವೇರಿಯಾ ಅಮೆರಿಕದ ಪಾಲಿಗೆ. ಆ ನಕ್ಷೆಯ ಮುಂದೆ ಕುಳಿತವರಿಗೆ ಮ್ಯೋಡ್ಲರಾಯ್ಟ್ ಎಂಬುದೊಂದು ಊರಿದೆ ಎಂದು ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ.

'ಹಾಗಿದ್ದರೆ 1810ರ ಗೆರೆಯೇ ತಾನೆ ಎಲ್ಲಕ್ಕೂ ಮೂಲ' ಎಂದು ಯಾರಾದರೂ ಕೇಳಬಹುದು. ಅವರು ಡ್ಯಾನ್ಯೂಬ್ ದಂಡೆಯ ಉಲ್ಮ್ ನಗರವನ್ನು ನೋಡಬೇಕು. ಅದೇ 1810ರಲ್ಲಿ, ಅದೇ ನೆಪೋಲಿಯನ್ನನ ಆಟದಲ್ಲಿ, ಉಲ್ಮ್ ಬವೇರಿಯಾದಿಂದ ವ್ಯುರ್ಟೆಂಬರ್ಗಿಗೆ ಹೋಯಿತು. ನದಿಯಾಚೆಯ ನೆಲ ಬವೇರಿಯಾದಲ್ಲೇ ಉಳಿದು, ಅಲ್ಲಿ ನೋಯ್-ಉಲ್ಮ್ ಎಂಬ ಬೇರೆ ಊರೇ ಬೆಳೆಯಿತು. ಇವತ್ತಿಗೂ ನದಿಯ ಈಚೆಗೊಂದು ರಾಜ್ಯ, ಆಚೆಗೊಂದು ರಾಜ್ಯ. 1945ರ ನಂತರ ಎರಡೂ ಅಮೆರಿಕದ ವಲಯದಲ್ಲೇ ಇದ್ದವು, ಅಲ್ಲಿ ಯಾರೂ ಮುಳ್ಳುತಂತಿ ಬಿಗಿಯಲಿಲ್ಲ. ಒಂದೇ ವರ್ಷ ಹುಟ್ಟಿದ ಎರಡು ಗಡಿಗಳು. ಒಂದರ ಮೇಲೆ ಸೇತುವೆ, ಇನ್ನೊಂದರ ಮೇಲೆ ಕಾವಲು ಗೋಪುರ. ವ್ಯತ್ಯಾಸ ಗೆರೆಯಲ್ಲಿರಲಿಲ್ಲ, ಅದರ ಮೇಲೆ ಅಧಿಕಾರ ನಡೆಸಿದವರಲ್ಲಿತ್ತು.

ಆ ಅಧಿಕಾರ ಏನು ಮಾಡಿತು ಎಂಬುದಕ್ಕೆ ಬರೋಣ. ಯುದ್ಧ ಮುಗಿದ ಮೊದಲ ವರ್ಷಗಳಲ್ಲಿ ಪರವಾನಗಿ ಚೀಟಿ ಹಿಡಿದು ಹಳ್ಳ ದಾಟಲು ಸಾಧ್ಯವಿತ್ತು. 1952ರ ಮೇ 26ರಂದು ಪೂರ್ವ ಜರ್ಮನಿಯ ಸರ್ಕಾರ ಗಡಿಯ ಕುರಿತು ಆದೇಶ ಹೊರಡಿಸಿತು. ಗಡಿಯ ಗುಂಟ ಹತ್ತು ಮೀಟರ್ ಅಗಲ ಉತ್ತು ಬೋಳಾಗಿಸಿದ ಪಟ್ಟಿ, ಅದರ ಹಿಂದೆ 500 ಮೀಟರಿನ ರಕ್ಷಿತ ಪಟ್ಟಿ, ಅದರ ಹಿಂದೆ ಐದು ಕಿಲೋಮೀಟರಿನ ನಿರ್ಬಂಧಿತ ವಲಯ. ಮ್ಯೋಡ್ಲರಾಯ್ಟ್‌ನ ಪೂರ್ವ ಭಾಗ ಪೂರ್ತಿಯಾಗಿ ಈ ಬಲೆಯೊಳಗೆ ಬಿತ್ತು. ಮುಂದಿನ ವಾರಗಳಲ್ಲಿ ಗಡಿ ವಲಯದಿಂದ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು, ನಂಬಿಕೆಗೆ ಅರ್ಹರಲ್ಲ ಎಂಬ ಹಣೆಪಟ್ಟಿ ಹಚ್ಚಿ, ಒಳನಾಡಿಗೆ ಸಾಗಿಸಿದರು. ಆ ಕಾರ್ಯಾಚರಣೆಗೆ ಅಧಿಕಾರಿಗಳ ನಡುವೆ ಇದ್ದ ಹೆಸರು 'ಕ್ರಿಮಿಕೀಟ'. 1961ರಲ್ಲಿ ಇನ್ನೊಂದು ಸುತ್ತು ನಡೆಯಿತು.

ಹಳ್ಳಿಯಲ್ಲಿ ಮೊದಲು ಆಳೆತ್ತರದ ಹಲಗೆ ಬೇಲಿ ಬಂತು, ಆಮೇಲೆ ಮುಳ್ಳುತಂತಿ, 1966ರಲ್ಲಿ ಸುಮಾರು 700 ಮೀಟರ್ ಉದ್ದದ, ಮೂರು ಮೀಟರಿಗೂ ಎತ್ತರದ ಕಾಂಕ್ರೀಟ್ ಗೋಡೆ. ಗೋಡೆ ನಿಂತದ್ದು ಪೂರ್ವ ಜರ್ಮನಿಯ ನೆಲದಲ್ಲಿ. ಪಶ್ಚಿಮದವರು ಹಳ್ಳದ ಅಂಚಿಗೆ ಬಂದು ನೋಡಬಹುದಿತ್ತು, ಬಸ್ಸು ಬಸ್ಸು ಜನ ಬಂದು ನೋಡಿದರು. 1983ರಲ್ಲಿ ಆಗ ಅಮೆರಿಕದ ಉಪಾಧ್ಯಕ್ಷರಾಗಿದ್ದ ಜಾರ್ಜ್ ಬುಷ್ ಕೂಡ ಬಂದರು. ಪೂರ್ವದವರಿಗೆ ಆಚೆ ಕಂಡವರತ್ತ ಕೈ ಬೀಸುವುದಕ್ಕೂ ನಿಷೇಧ. ತಮ್ಮ ಮನೆಗೆ ಹೊರಗಿನ ನೆಂಟರನ್ನು ಕರೆಸಬೇಕಾದರೂ ಪರವಾನಗಿ ಬೇಕು. 'ಸೀಳಿದ ಊರು' ಎಂಬ ಮಾತು ಎರಡೂ ದಡಗಳಿಗೆ ಸಮಪಾಲು ನೋವು ಹಂಚಿಬಿಡುತ್ತದೆ. ನಡೆದದ್ದು ಹಾಗಲ್ಲ. ಒಂದು ದಡದವರು ನೆರೆಹೊರೆಯನ್ನು ಕಳೆದುಕೊಂಡರು. ಇನ್ನೊಂದು ದಡದವರು ಅದರ ಜೊತೆಗೆ ತಮ್ಮ ಊರೊಳಗೇ ಓಡಾಡುವ ಸ್ವಾತಂತ್ರ್ಯವನ್ನೂ ಕಳೆದುಕೊಂಡರು. ಈ ಅಸಮಾನತೆಯನ್ನು ಅಳಿಸುವ ಯಾವ ರೂಪಕವನ್ನೂ ನಾನು ಒಪ್ಪಲಾರೆ.

ಇನ್ನು ಕಥೆಯ ಅಂತ್ಯ. 1989ರ ಡಿಸೆಂಬರ್ 9ರಂದು ಗೋಡೆಯಲ್ಲಿ ಕಾಲ್ನಡಿಗೆಯ ದಾರಿ ತೆರೆಯಿತು, 1990ರ ಜೂನ್ 17ರಂದು ಯಂತ್ರ ಬಂದು ಗೋಡೆಯನ್ನು ಕೆಡವಿತು. ಸುಮಾರು ನೂರು ಮೀಟರಿನಷ್ಟನ್ನು ವಸ್ತುಸಂಗ್ರಹಾಲಯಕ್ಕೆಂದು ಉಳಿಸಿಕೊಂಡರು. ಊರು ಒಂದಾಯಿತೇ? ಆಡಳಿತದ ಲೆಕ್ಕದಲ್ಲಿ ಇಲ್ಲ. ಪೂರ್ವ ಭಾಗ ಇವತ್ತಿಗೂ ತುರಿಂಗಿಯಾದ ಗೆಫೆಲ್ ಪುರಸಭೆಗೆ ಸೇರಿದೆ, ಪಶ್ಚಿಮ ಭಾಗ ಬವೇರಿಯಾದ ಟ್ಯೋಪೆನ್ ಪಂಚಾಯಿತಿಗೆ. ಇಬ್ಬರು ಮೇಯರುಗಳು, ಎರಡು ಪಿನ್‌ಕೋಡ್, ಎರಡು ದೂರವಾಣಿ ಸಂಕೇತ, ಕಾರುಗಳ ನಂಬರ್ ಪ್ಲೇಟಿನಲ್ಲೂ ಬೇರೆ ಬೇರೆ ಅಕ್ಷರ. ಜನವರಿ 6 ಬವೇರಿಯಾದ ದಡಕ್ಕೆ ರಜೆ, ಆಚೆಗೆ ಕೆಲಸದ ದಿನ. ಅಕ್ಟೋಬರ್ 31 ತುರಿಂಗಿಯಾದ ದಡಕ್ಕೆ ರಜೆ, ಈಚೆಗೆ ಕೆಲಸದ ದಿನ. ಇದನ್ನು ಕಂಡ ಕೆಲವರು 'ಏಕೀಕರಣ ಇನ್ನೂ ಅಪೂರ್ಣ' ಎಂದು ಮರುಗುತ್ತಾರೆ. ಮರುಗಬೇಕಾದ್ದು ಏನೂ ಇಲ್ಲ. ಇದು ಶೀತಲ ಸಮರದ ಗಾಯವಲ್ಲ, ಒಕ್ಕೂಟದ ಎರಡು ರಾಜ್ಯಗಳ ನಡುವಿನ ಸಾದಾ ಎಲ್ಲೆ. ಹಳ್ಳ ದಾಟಲು ಈಗ ಯಾರ ಅಪ್ಪಣೆಯೂ ಬೇಡ. ಜನರಿಗೆ ಮರಳಿ ಸಿಕ್ಕಿದ್ದು ಆ ಓಡಾಟ, ಅವರಿಂದ ಕಿತ್ತುಕೊಂಡಿದ್ದೂ ಅದನ್ನೇ.

ಮ್ಯೋಡ್ಲರಾಯ್ಟ್ ಬಗ್ಗೆ ಇನ್ನು ಬರೆಯುವವರು ಕಥೆಯನ್ನು 1810ರಿಂದ ಶುರುಮಾಡಲಿ. ಮತ್ತು ಇತಿಹಾಸ, ವಿಧಿ, ಭೂಗೋಳ ಎಂದೆಲ್ಲ ದೂರುವುದನ್ನು ಬಿಟ್ಟು, 1952ರ ಮೇ 26ರ ಆದೇಶವನ್ನೂ ಅದನ್ನು ಹೊರಡಿಸಿದ ಸರ್ಕಾರವನ್ನೂ ಹೆಸರು ಹಿಡಿದು ಹೇಳಲಿ.