ಕೆಂಗೇರಿಯ ಚಾಪೆ: ಬೀಡ್ ಗ್ರಿಫಿತ್ಸರ ಒಂದು ಅರಿವಿನ ವಿಮರ್ಶೆ

ಬೆನೆಡಿಕ್ಟೈನ್ ಸನ್ಯಾಸಿ ಬೀಡ್ ಗ್ರಿಫಿತ್ಸರ ‘ಕ್ರೈಸ್ಟ್ ಇನ್ ಇಂಡಿಯಾ’ ಕೃತಿಯನ್ನು ಶಾಂತಿವನದ ಪೀಠಿಕೆಯೆಂಬಂತೆ ಓದುವುದು ರೂಢಿ. ಅದರಲ್ಲಿ ಕೆಂಗೇರಿಗೆ ಸಲ್ಲುವ ಪುಟಗಳು ಕೆಲವೇ. ಆದರೆ ಮೈಸೂರು ರಸ್ತೆ ಹಿಡಿದು ರಾಮನಗರ, ಚನ್ನಪಟ್ಟಣಗಳ ಧರ್ಮಕೇಂದ್ರಗಳಿಗೆ ಹೋಗುವ ನಮಗೆ ಆ ಪುಟಗಳೇ ಮುಖ್ಯ.

1955ರಲ್ಲಿ ಬೆನೆಡಿಕ್ಟ್ ಆಲಪಾಟ್ ಗುರುಗಳೊಡನೆ ಭಾರತಕ್ಕೆ ಬಂದ ಗ್ರಿಫಿತ್ಸರು ಕೆಂಗೇರಿಯಲ್ಲಿ ಮಠವೊಂದನ್ನು ನೆಲೆಗೊಳಿಸಲು ಯತ್ನಿಸಿದರು. ಯುರೋಪಿನ ಅಳತೆಯಲ್ಲಿ ಅದು ಬಡ ಬದುಕೇ. ಆದರೆ ಮೇಜು, ಕುರ್ಚಿ, ಚಮಚಗಳುಳ್ಳ ಆ ಮನೆ ನೆಲದ ಮೇಲೆ ಕುಳಿತು ಕೈಯಲ್ಲಿ ಉಣ್ಣುವ ಸುತ್ತಲಿನ ಹಳ್ಳಿಗರಿಗೆ ಅನುಕೂಲಸ್ಥರ ಮನೆಯಾಗಿತ್ತೆಂಬುದನ್ನು ಅವರು ಬೇಗನೆ ಅರಿತರು. 1958ರಲ್ಲಿ ಫ್ರಾನ್ಸಿಸ್ ಆಚಾರ್ಯರ ಜೊತೆಗೂಡಿ ಕೇರಳದ ಕುರಿಸುಮಲೆಗೆ ತೆರಳಿದರು.

ಈ ಅರಿವಿನ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ಆದರೆ ಅದು ಭಾರತವೇ ಕಲಿಸಿದ ಹೊಸ ಪಾಠವೆಂಬಂತೆ ಓದಿಸಿಕೊಳ್ಳುತ್ತದೆ. ನನ್ನ ಆಕ್ಷೇಪವಿರುವುದು ಅಲ್ಲಿ. ಸಂತ ಬೆನೆಡಿಕ್ಟರ ನಿಯಮಾವಳಿಯ 55ನೆಯ ಅಧ್ಯಾಯವು ಸನ್ಯಾಸಿಗಳ ಉಡುಪು ಆಯಾ ಸೀಮೆಯಲ್ಲಿ ದೊರೆಯುವಂಥದ್ದು, ಅಗ್ಗದ್ದು ಆಗಿರಲಿ ಎನ್ನುತ್ತದೆ. ಹಾಸಿಗೆಯ ಸಾಮಗ್ರಿಯನ್ನು ಹೆಸರಿಸುವಾಗ ಅದು ಮೊದಲು ಹೇಳುವುದೇ ಚಾಪೆಯನ್ನು. ಹಾಗಿದ್ದ ಮೇಲೆ ಚಾಪೆಯನ್ನು ಮತ್ತೆ ಕಾಣಲು ಒಬ್ಬ ಬೆನೆಡಿಕ್ಟೈನನು ಕೆಂಗೇರಿಯವರೆಗೆ ಬರಬೇಕಾದದ್ದೇಕೆ?

ಉತ್ತರವನ್ನು ಫ್ರಾನ್ಸಿನ ಗ್ರಾಮಾಂತರದಲ್ಲಿ ಹುಡುಕಬೇಕು. ಸೊಲೆಮ್ 1010ರಲ್ಲಿ ಹುಟ್ಟಿದ್ದು ದೊಡ್ಡ ಮಠವಾಗಿ ಅಲ್ಲ, ಲೆ ಮಾನ್ಸ್ ನಗರದ ಮಠವೊಂದಕ್ಕೆ ಅಧೀನವಾದ ಉಪಮಠವಾಗಿ. ಮಹಾಕ್ರಾಂತಿಯಲ್ಲಿ ಅದು ಮುಚ್ಚಿಹೋಯಿತು. 1833ರಲ್ಲಿ ಪ್ರೊಸ್ಪೆರ್ ಗೆರಾಂಜೆ ಗುರುಗಳು ಅದನ್ನು ಪುನರುಜ್ಜೀವಗೊಳಿಸಿದಾಗ ಎದ್ದು ನಿಂತದ್ದು ಆ ಚಿಕ್ಕ ಉಪಮಠವಲ್ಲ. ಘನವಾದ ಆರಾಧನಾವಿಧಿಯೂ ಗ್ರೆಗೋರಿಯನ್ ಗಾನವೂ ತುಂಬಿದ, ಹತ್ತೊಂಬತ್ತನೆಯ ಶತಮಾನವು ಕಲ್ಪಿಸಿಕೊಂಡ ಮಧ್ಯಯುಗ. ಶಾಂತಿವನದ ಸ್ಥಾಪಕರಲ್ಲೊಬ್ಬರಾದ ಆನ್ರಿ ಲ ಸೊ ಅವರ ಕೆರ್ಗೊನಾನ್ ಮಠ ಸೊಲೆಮಿನ ಕುಡಿ. ಗ್ರಿಫಿತ್ಸರು 1947ರಿಂದ 1951ರವರೆಗೆ ಮುಖ್ಯಸ್ಥರಾಗಿದ್ದ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿಯೂ ಅವರಿಗಿಂತ ಮುಂಚೆ ನೆಲೆಸಿದ್ದವರು ಸೊಲೆಮಿನ ಸನ್ಯಾಸಿಗಳೇ. ಆದ್ದರಿಂದ ಕೆಂಗೇರಿಯಲ್ಲಿ ಕಳಚಿಡಬೇಕಾಗಿದ್ದದ್ದು ಬೆನೆಡಿಕ್ಟರನ್ನಲ್ಲ, 1833ರ ನಂತರದ ಒಂದು ಅಭಿರುಚಿಯನ್ನು. ಗ್ರಿಫಿತ್ಸರು ಇವೆರಡನ್ನೂ ಸಾಕಷ್ಟು ಬೇರ್ಪಡಿಸಿ ನೋಡಲಿಲ್ಲವೆಂದೇ ನನ್ನ ಎಣಿಕೆ.

ಇನ್ನೊಂದು ಕೊರತೆಯೂ ಉಂಟು. ಅವರು ಹಳ್ಳಿಯ ಬಡತನವನ್ನು ಕಂಡಷ್ಟು ನಿಚ್ಚಳವಾಗಿ ಹಳ್ಳಿಯ ವಿಶ್ವಾಸವನ್ನು ಕಾಣಲಿಲ್ಲ. ಕನಕಪುರದ ಹಾರೋಬೆಲೆಯಂಥ ಊರುಗಳಲ್ಲಿ ಚಾಪೆಯ ಮೇಲೆ ಮಲಗುವ ರೈತರು ತಲೆಮಾರುಗಳಿಂದ ಕನ್ನಡದಲ್ಲಿಯೇ ಜಪಸರ ಹೇಳುತ್ತಿದ್ದರು. ಭಾರತೀಯ ಕ್ರೈಸ್ತತ್ವವನ್ನು ಉಪನಿಷತ್ತುಗಳಲ್ಲಿ ಅರಸುವವರಿಗೆ ಈ ನೆರೆಹೊರೆ ಕಾಣದೆಹೋಗುವುದು ಸುಲಭ.

ಅತ್ತ ಸೇಲಂ ಸಮೀಪದ ಸಿಲುವೈಗಿರಿಯಿಂದ 1957ರಲ್ಲಿ ಬಂದ ಬೆನೆಡಿಕ್ಟೈನ್ ಸಮುದಾಯ ಆಶೀರ್ವನಂ ಎಂಬ ಹೆಸರಿನಲ್ಲಿ ಕೆಂಗೇರಿಯಲ್ಲಿಯೇ ಉಳಿಯಿತು. 58ನೆಯ ಅಧ್ಯಾಯದ ಸ್ಥಿರವಾಸದ ವ್ರತವನ್ನು ಪಾಲಿಸಿದ್ದು ಅದು. ಈಗ ಅಲ್ಲಿಗೆ ಮೆಟ್ರೊ ಬಂದಿದೆ, ನೆರೆಯವರ ಮನೆಗಳಲ್ಲಿ ಮಂಚವೂ ಕುರ್ಚಿಯೂ ಇವೆ. ಇಂಥ ಸೀಮೆಯಲ್ಲಿ 55ನೆಯ ಅಧ್ಯಾಯವನ್ನು ಹೇಗೆ ಓದಬೇಕೆಂಬುದಕ್ಕೆ ಗ್ರಿಫಿತ್ಸರ ಪುಟಗಳಲ್ಲಿ ಉತ್ತರವಿಲ್ಲ.